ಒಂದೇ ತುಂಡಿನ ಶಾಫ್ಟ್ ಕೇಳಿದ ತಮ್ಮನಿಗೆ



ಮೊನ್ನೆ ರಾತ್ರಿ ಲಿಂಗಸುಗೂರು ಕಡೆಯ ಒಬ್ಬ ತಮ್ಮ ಫೋನ್ ಮಾಡಿದ್ದ. ಸಭೆ, ಹೋರಾಟ ಅಂದ್ರೆ ಮೊದಲು ಬಂದು ನಿಲ್ಲೋ ಹುಡುಗ. ಈ ವರ್ಷ ಸಾಲ ಮಾಡಿ ಒಂದು ಹಳೇ ಗೂಡ್ಸ್ ಟೆಂಪೊ ತಗೊಂಡಿದ್ದಾನೆ. ನನ್ನ ಅಕ್ಕನ ಮಗ ಬೆಂಗಳೂರಿನ ಒಂದು ವರ್ಕ್‌ಶಾಪಲ್ಲಿ ಕೆಲಸ ಮಾಡ್ತಾನೆ. ಅವನು ಹಾಕಿದ್ದ ಒಂದು ವಿಡಿಯೊವನ್ನು ನಾನು ಹಂಚಿಕೊಂಡಿದ್ದೆ. ಅದನ್ನ ನೋಡಿ ಫೋನ್ ಮಾಡಿದ್ದ.

"ಅಣ್ಣಾ, ನಮ್ಮ ಗಾಡಿಗೂ ಹಿಂಗ ಒಂದೇ ತುಂಡಿನ ಶಾಫ್ಟ್ ಹಾಕಿಸಿದ್ರ ಹೆಂಗ? ಸೆಂಟರ್ ಬೇರಿಂಗಿನ ಕಾಟ ತಪ್ಪತೈತಿ. ಗಾಡಿ ಹಗುರಾಕೈತಿ, ಡೀಸೆಲ್ ಉಳಿತೈತಿ. ಲೇತಿನವರು ಒಂದು ದಿನದಾಗ ಮಾಡಿಕೊಡ್ತೀವಿ ಅಂತಾರ."

"ಗಾಡ್ಯಾಗ ಏನ್ ಹೊಡಿತೀ?" ಅಂತ ಕೇಳಿದೆ.

"ಮುಂಜಾನಿ ನಾಟಿ ಹಚ್ಚೋ ಹೆಣ್ಮಕ್ಕಳು. ಮಧ್ಯಾಹ್ನದ ಮ್ಯಾಲೆ ಯಾವ ಬಾಡಿಗಿ ಸಿಕ್ರೂ ಹೊಡಿತೀನಿ."

"ಬ್ಯಾಡ" ಅಂದೆ. ಯಾಕೆ ಅಂತ ಕೇಳಿದ. ನಾಳೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಬ್ಬರ ನಿರ್ಲಕ್ಷ್ಯದ ಬಗ್ಗೆ ಇಲ್ಲಿ ಹತ್ತಾರು ಪೋಸ್ಟ್ ಬರೆದವನು ನಾನು. ಅಧಿಕಾರಿಗಳ ತಪ್ಪು, ಗುತ್ತೇದಾರರ ತಪ್ಪು, ಜಮೀನ್ದಾರರ ತಪ್ಪು ಎಲ್ಲಾ ಬರೆದಿದ್ದೇನೆ. ನನ್ನ ತಪ್ಪನ್ನು ಒಮ್ಮೆಯೂ ಬರೆದಿಲ್ಲ. ಇವತ್ತು ಬರೀತೀನಿ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ. ಗಾಡಿ ಓಡಿಸೋರು ಪೂರಾ ಓದಿ.

ಮೊದಲು ಶಾಫ್ಟ್ ಅಂದ್ರೆ ಏನು ಅಂತ ಹೇಳ್ತೀನಿ. ಲಿಂಗಸುಗೂರು ಕಡೆ ಶಾಫ್ಟ್ ಅಂದ್ರೆ ಹಟ್ಟಿ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ನೆಟ್ಟಗೆ ಇಳಿಯೋ ಬಾವಿ. ಅಲ್ಲಿನವರಿಗೆ ಮಲ್ಲಪ್ಪ ಶಾಫ್ಟ್ ಅಂದ್ರೆ ಸಾಕು. ಸಿಂಧನೂರಿಗೆ ಬಂದರೆ ಅದೇ ಮಾತು ಟ್ರ್ಯಾಕ್ಟರಿಗೆ, ಟೆಂಪೊಗೆ ತಿರುಗುತ್ತದೆ. ನಾನು ಹೇಳ್ತಿರೋದು ಈ ಎರಡನೆಯದು. ಗಾಡಿಯ ಮುಂದೆ ಇಂಜಿನ್ನು, ಗೇರ್‌ಬಾಕ್ಸು. ಓಡಬೇಕಾದದ್ದು ಹಿಂದಿನ ಗಾಲಿ. ಮುಂದಿನ ಶಕ್ತಿಯನ್ನು ಹಿಂದಕ್ಕೆ ಒಯ್ಯೋ ಕಬ್ಬಿಣದ ಉದ್ದ ಪೈಪೇ ಪ್ರೊಪೆಲ್ಲರ್ ಶಾಫ್ಟ್. ಈಗಿನ ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಯೇ ಎಳೆಯುವುದರಿಂದ ಈ ಉದ್ದ ಪೈಪ್ ಇರೋದಿಲ್ಲ. ಟೆಂಪೊ, ಲಾರಿ, ಜೀಪುಗಳ ಕೆಳಗೆ ಬಗ್ಗಿ ನೋಡಿದರೆ ಕಾಣುತ್ತದೆ.

ಇಂಜಿನ್ನು ಇದ್ದಲ್ಲೇ ಇರುತ್ತದೆ. ಹಿಂದಿನ ಆಕ್ಸಲ್ಲು ಪಾಟಾದ ಮೇಲೆ ಕುಣಿಯುತ್ತದೆ. ಹಾಗಾಗಿ ಪೈಪು ಬಾಗಿಕೊಂಡೇ ತಿರುಗಬೇಕು. ಅದಕ್ಕೆ ಎರಡೂ ತುದಿಗೆ ಜಾಯಿಂಟ್ ಕ್ರಾಸ್ ಇರುತ್ತದೆ, ಕೂಡುಗುರುತಿನ ಆಕಾರದ್ದು. ಇದರ ಹಿಂದೆ ಹದಿನಾರನೇ ಶತಮಾನದ ಇಟಲಿಯ ಕಾರ್ಡಾನೊ, ಹದಿನೇಳನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಇದೆ. ಈ ಕ್ರಾಸಿಗೆ ಒಂದು ಗುಣ ಇದೆ. ಬಾಗಿ ತಿರುಗುವಾಗ ಅದು ಒಂದೇ ಸಮ ತಿರುಗೋದಿಲ್ಲ. ಒಂದು ಸುತ್ತಿಗೆ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನ ಆಗುತ್ತದೆ. ಆ ತುದಿಯ ಕ್ರಾಸು ಈ ತುದಿಯ ಏರುಪೇರನ್ನು ಸರಿಮಾಡಬೇಕು ಅಂದ್ರೆ ಎರಡೂ ಒಂದೇ ನೇರಕ್ಕೆ ಕೂತಿರಬೇಕು. ಒಂದು ಹಲ್ಲು ಆಚೀಚೆ ಕೂಡಿಸಿದರೂ ಗಾಡಿ ನಡುಗೋಕೆ ಶುರು.

ಇದನ್ನ ನನಗೆ ಕಲಿಸಿದ್ದು ಸಿಂಧನೂರಿನ ನನ್ನ ಉಸ್ತಾದರು. ಎಸ್ಸೆಸ್ಸೆಲ್ಸಿ ಫೇಲಾಗಿ ಅವರ ಗ್ಯಾರೇಜಿಗೆ ಸೇರಿದ್ದೆ. ನಮ್ಮೂರ ಚಹಾದಂಗಡೀಲಿ ನಮಗೆ ಗ್ಲಾಸು ಬೇರೆ ಇತ್ತು. ಗ್ಯಾರೇಜಲ್ಲಿ ಮೊದಲ ದಿನ ಉಸ್ತಾದರು ತಾವು ಅರ್ಧ ಕುಡಿದ ಚಹಾವನ್ನೇ ನನ್ನ ಕೈಗೆ ಕೊಟ್ಟು "ಕುಡಿ, ಆಮೇಲೆ ಪಾನಾ ಹಿಡಿ" ಅಂದರು. ಅವರ ಮೊದಲ ಪಾಠ: "ಶಾಫ್ಟ್ ಬಿಚ್ಚೋಕ್ ಮುಂಚೆ ಗುರುತು ಹಾಕು ಬೇಟಾ. ಹೆಂಗ ಇತ್ತೋ ಹಂಗ ಕೂಡಬೇಕು." ಸುಣ್ಣದಕಡ್ಡಿಯಿಂದ ಎರಡು ಗೆರೆ. ಇವತ್ತಿಗೂ ನನ್ನ ಕೈ ಮೊದಲು ಅದನ್ನೇ ಹುಡುಕುತ್ತದೆ.

ಈಗ ತಮ್ಮ ಕೇಳಿದ ಪ್ರಶ್ನೆಗೆ ಬರ್ತೀನಿ. ಉದ್ದ ಗಾಡಿಗಳಲ್ಲಿ ಈ ಪೈಪನ್ನು ಎರಡು ತುಂಡು ಮಾಡಿ, ನಡುವೆ ರಬ್ಬರಿನ ಹಿಡಿಕೆಯಲ್ಲಿ ಒಂದು ಬೇರಿಂಗ್ ಕೂಡಿಸಿ ಚಾಸಿಗೆ ತೂಗುಹಾಕಿರುತ್ತಾರೆ. ಅದೇ ಸೆಂಟರ್ ಬೇರಿಂಗ್. ಎರಡು ತುಂಡು ಅಂದ್ರೆ ಮೂರು ಕ್ರಾಸು, ಒಂದು ಬೇರಿಂಗು, ಒಂದು ರಬ್ಬರು. ಸವೆಯೋ ಸಾಮಾನು ಜಾಸ್ತಿ. ಒಂದೇ ತುಂಡು ಅಂದ್ರೆ ಎರಡೇ ಕ್ರಾಸು. ಬೇರಿಂಗಿನ ರಗಳೆ ಇಲ್ಲ. ಹಾಗಾದರೆ ಕಂಪನಿಯವರು ಯಾಕೆ ತುಂಡು ಮಾಡಿದರು? ಅವರೇನು ಹುಚ್ಚರಾ?

ಈ ಪ್ರಶ್ನೆ ನನಗೆ 2010ರಲ್ಲಿ ಹೊಳೆಯಲಿಲ್ಲ.

ಆಗ ಗ್ಯಾರೇಜ್ ಬಿಟ್ಟು ಸ್ವಂತ ಟೆಂಪೊ ಇಟ್ಟಿದ್ದೆ. ಹಳೇದು, ಕೈ ಬದಲಾಗಿ ಬಂದದ್ದು. ಮಸ್ಕಿ ಸುತ್ತಲಿನ ಹಳ್ಳಿಗಳ ಕೇರಿಯಿಂದ ಹೆಣ್ಮಕ್ಕಳನ್ನು ಹತ್ತಿಸಿಕೊಂಡು ಸಿಂಧನೂರು ಕಡೆಯ ಕ್ಯಾಂಪುಗಳಿಗೆ ನಾಟಿಗೆ ಬಿಡೋದು, ಸಂಜೆ ಕರಕೊಂಡು ಬರೋದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು ಹಸಿರು. ಅದೇ ಜಿಲ್ಲೆಯ ನಮ್ಮ ಊರುಗಳಲ್ಲಿ ಮಳೆ ಬಂದರೆ ಬೆಳೆ, ಇಲ್ಲಾಂದ್ರೆ ಗುಳೆ. ನೀರಿರೋ ಕಡೆ ಗದ್ದೆ, ನೀರಿಲ್ಲದ ಕಡೆ ಕೈ. ಆ ಕೈಗಳನ್ನು ಗದ್ದೆಗೆ ಮುಟ್ಟಿಸೋದು ನನ್ನಂಥವರ ಟೆಂಪೊ.

ಸರಕು ಗಾಡಿಯಲ್ಲಿ ಜನ ಸಾಗಿಸೋದು ಕಾನೂನಿನ ಪ್ರಕಾರ ತಪ್ಪು. ಆಗಲೂ ಗೊತ್ತಿತ್ತು. ಆದರೆ ಮುಂಜಾನೆ ಐದಕ್ಕೆ ಕೇರಿಯಿಂದ ಕ್ಯಾಂಪಿನ ಗದ್ದೆಗೆ ಹೋಗೋ ಬಸ್ ಯಾವುದಿತ್ತು? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಒಳ್ಳೇದೇ ಆಯಿತು. ಆದರೆ ಬಸ್ಸೇ ಹೋಗದ ಹಾದಿಗೆ ಟಿಕೆಟ್ ಪುಕ್ಕಟೆಯಾಗಿ ಏನು ಉಪಯೋಗ?

ಆ ಹಂಗಾಮಿನಲ್ಲಿ ನನ್ನ ಗಾಡಿಯ ಸೆಂಟರ್ ಬೇರಿಂಗ್ ಮೂರು ಸಲ ಹೋಯಿತು. ಕಾಲುವೆ ಏರಿಯ ಮೇಲೆ ಕೆಸರು, ನೀರು. ಒಂದು ಸಲ ಬೇರಿಂಗ್ ಹೋದರೆ ಒಂದು ದಿನದ ಬಾಡಿಗೆ ಹೋದಂಗೆ. ಮೂರನೇ ಸಲ ಹೋದಾಗ ಸಿಟ್ಟು ಬಂತು. ಒಂದು ಲೇತಿನ ಅಂಗಡಿಗೆ ಹೋದೆ. ಅವರು ಅಂದರು: "ಈ ಎರಡು ತುಂಡು ತೆಗೀರಿ. ಒಂದೇ ಪೈಪ್ ವೆಲ್ಡಿಂಗ್ ಮಾಡಿ ಕೊಡ್ತೀವಿ. ಬೇರಿಂಗೇ ಇಲ್ಲಾಂದ್ರ ಹೋಗೋದೇನು?" ಎರಡು ಸಾವಿರದ ಆಸುಪಾಸಿನ ಮಾತು. ನನಗೂ ಸರಿ ಅನ್ನಿಸಿತು. ಉಸ್ತಾದರಿಗೆ ಅಷ್ಟೊತ್ತಿಗೆ ವಯಸ್ಸಾಗಿ ಗ್ಯಾರೇಜ್ ಮುಚ್ಚಿದ್ದರು. ಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬ್ಯಾಡ ಅಂತಾರೆ ಅನ್ನೋ ಅಳುಕು ಒಳಗಿತ್ತೋ ಏನೋ, ಹೋಗಲಿಲ್ಲ. ಲೇತಿನವರನ್ನು ದೂರಲ್ಲ. ಅವರು ಕೇಳಿದ್ದನ್ನ ಮಾಡಿಕೊಟ್ಟರು. ಗ್ಯಾರೇಜಲ್ಲಿ ಹತ್ತು ವರ್ಷ ಕಳೆದವನು ನಾನು.

ಮೊದಲ ಎರಡು ದಿನ ಬೆಣ್ಣೆಯಂಗ ಓಡಿತು. ನಲವತ್ತು, ಐವತ್ತರ ತನಕ ಸದ್ದೇ ಇಲ್ಲ. ಅರವತ್ತಕ್ಕೆ ಬಂದರೆ ಕಾಲಕೆಳಗೆ ಜೇನುಹುಳ ಗುಂಯ್‌ಗುಟ್ಟಿದಂಗ ಆಗೋದು. "ಬ್ಯಾಲೆನ್ಸ್ ಸ್ವಲ್ಪ ಹೆಚ್ಚುಕಮ್ಮಿ ಇರಬೇಕು, ಆಮೇಲೆ ನೋಡಿದ್ರಾತು" ಅಂತ ಬಿಟ್ಟೆ.

ಮೂರನೇ ದಿನ ಸಂಜೆ. ಕ್ಯಾಂಪಿನಿಂದ ವಾಪಸ್ ಬರ್ತಿದ್ವಿ. ಈಗ ರಾಷ್ಟ್ರೀಯ ಹೆದ್ದಾರಿ 150ಎ ಆಗಿರೋ ರಸ್ತೆ, ಸಿಂಧನೂರು ದಾಟಿ ಮಸ್ಕಿ ಕಡೆ. ಹಿಂದೆ ಇಪ್ಪತ್ತೆರಡು ಜನ ಹೆಣ್ಮಕ್ಕಳು. ಅವರೊಳಗೆ ನನ್ನ ಅಕ್ಕನೂ ಇದ್ದಳು. ಮೋಡ ಕವಿದಿತ್ತು. "ಮಳಿ ಬರೋದ್ರಾಗ ಮುಟ್ಟಸಪ್ಪಾ, ಮನ್ಯಾಗ ಕೂಸು ಐತಿ" ಅಂತ ಒಬ್ಬಾಕೆ ಹಿಂದಿನಿಂದ ಕೂಗಿದಳು. ನಾನು ಅರವತ್ತೈದು ದಾಟಿಸಿದೆ. ಗುಂಯ್ ಅನ್ನೋದು ಗಡಗಡ ಆಯಿತು. ಗೇರಿನ ಕಡ್ಡಿ ಕೈಯಲ್ಲಿ ಕುಣೀತು. ಕಾಲು ತೆಗೀಬೇಕು ಅನ್ನೋವಷ್ಟರಲ್ಲಿ ಕೆಳಗಿನಿಂದ ಫಡಾರ್ ಅಂತ ಒಂದು ಹೊಡೆತ.

ಮುಂದಿನ ಕ್ರಾಸಿನ ಬೋಲ್ಟುಗಳು ಕತ್ತರಿಸಿ ಪೈಪಿನ ಮುಂದಿನ ತುದಿ ಕಳಚಿ ಬಿದ್ದಿತ್ತು. ಹಿಂದಿನ ತುದಿ ಇನ್ನೂ ಆಕ್ಸಲ್ಲಿಗೆ ಕಚ್ಚಿಕೊಂಡು ತಿರುಗ್ತಾ ಇತ್ತು. ಬಿದ್ದ ತುದಿ ಡಾಂಬರಿಗೆ ಬಡಿದು, ಬ್ರೇಕಿನ ಪೈಪನ್ನು ಹರಿದುಹಾಕಿತು. ಬ್ರೇಕ್ ಒತ್ತಿದರೆ ಕಾಲು ನೆಲಕ್ಕೆ ಹೋಯಿತು. ಮತ್ತೊಮ್ಮೆ ಪೈಪು ರಸ್ತೆಗೆ ಊರಿದಾಗ ಗಾಡಿಯ ಹಿಂಭಾಗ ಎದ್ದು ಬಿತ್ತು. ನಾನು ಸ್ಟೇರಿಂಗ್ ಎಡಕ್ಕೆ ಎಳೆದೆ. ರಸ್ತೆ ಪಕ್ಕದ ಎರೆಹೊಲಕ್ಕೆ ಇಳಿದು, ಮಳೆಗೆ ನೆನೆದ ಮಣ್ಣಿನಲ್ಲಿ ಗಾಲಿ ಹೂತು ಗಾಡಿ ನಿಂತಿತು.

ಎರೆಮಣ್ಣು ನಮ್ಮನ್ನ ಉಳಿಸಿತು. ಆ ಜಾಗದಲ್ಲಿ ಸೇತುವೆ ಇದ್ದಿದ್ದರೆ, ಎದುರಿಗೆ ಲಾರಿ ಇದ್ದಿದ್ದರೆ ಇದನ್ನ ಬರೆಯೋಕೆ ನಾನಿರ್ತಿರಲಿಲ್ಲ, ಇದ್ದರೂ ಜೈಲಲ್ಲಿರ್ತಿದ್ದೆ.

ಯಾರೂ ಸಾಯಲಿಲ್ಲ. ಹಲವರಿಗೆ ಹಣೆ ಒಡೆಯಿತು, ಮೊಣಕಾಲು ತರಚಿತು. ಅಕ್ಕನ ಬಲಗೈ ಎರಡು ಕಡೆ ಮುರೀತು. ಆ ಹಂಗಾಮಿನ ಕೂಲಿ ಪೂರಾ ಹೋಯಿತು. ಆ ಕೈ ಇವತ್ತಿಗೂ ಹೆಗಲಿಂದ ಮೇಲಕ್ಕೆ ಏಳೋದಿಲ್ಲ. ನಾಟಿ ಹಚ್ಚೋದರಲ್ಲಿ ಅವಳ ಸಾಲಿಗೆ ಸಾಲು ಹಿಡಿಯೋರು ಊರಲ್ಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಬಯ್ಯಲಿಲ್ಲ. ಶಾಫ್ಟ್ ಬದಲಿಸಿದ್ದು ನಾನೇ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಗೌಡ್ರು ನಮ್ಮನ್ನ ಹಗುರಾಗಿ ಕಂಡ್ರ ಭಾಷಣ ಮಾಡ್ತೀ. ನೀ ಹಗುರಾಗಿ ಕಂಡ್ರ ಯಾರಿಗೆ ಹೇಳೂಣು?"

ಹದಿನೈದು ವರ್ಷ ಆಯಿತು. ಎಷ್ಟೋ ವೇದಿಕೆ ಹತ್ತಿದ್ದೇನೆ. ಪ್ರತಿ ಸಲ ಮೈಕ್ ಹಿಡಿದಾಗ ಈ ಮಾತು ಕೇಳಿಸುತ್ತದೆ.

ತಿಂಗಳಾದ ಮೇಲೆ ಉಸ್ತಾದರ ಮನೆಗೆ ಹೋದೆ. ಅವರು ಬಯ್ದರು. ಆಮೇಲೆ ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತು, ಲೋಡು ಬಿಗಿಯೋ ಹಗ್ಗದ ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಮೊಮ್ಮಗನ ಕೈಗೆ ಕೊಟ್ಟು ತಿರುಗಿಸೋಕೆ ಹೇಳಿದರು. ಹೆಣ್ಮಕ್ಕಳು ಹಗ್ಗ ಜಿಗಿಯೋವಾಗ ಆಗುತ್ತಲ್ಲ, ಹಾಗೆ ನಡುವೆ ಹೊಟ್ಟೆ ಬಂತು. "ಕಬ್ಬಿಣದ ಪೈಪೂ ಹಿಂಗೇ ಬೇಟಾ. ಒಂದು ವೇಗಕ್ಕೆ ಬಂದ್ರ ಅದಕ್ಕೂ ಹೊಟ್ಟಿ ಬರ್ತದ." ಆಮೇಲೆ ತಿರುಗ್ತಿದ್ದ ಹಗ್ಗದ ನಡುವನ್ನು ಎರಡು ಬೆರಳಿನ ಉಂಗುರದಲ್ಲಿ ಹಗೂರಕೆ ಹಿಡಿದರು. ಹೊಟ್ಟೆ ಮಾಯ ಆಯಿತು. "ಇದು ಸೆಂಟರ್ ಬೇರಿಂಗ್. ನೀ ಇದನ್ನ ಕಾಟ ಅಂದಿ."

ನನ್ನ ಬೇರಿಂಗ್ ಮೂರು ಸಲ ಯಾಕೆ ಹೋಯಿತು ಅನ್ನೋದನ್ನೂ ಅವರೇ ಹೇಳಿದರು. ಅತಿ ಲೋಡಿಗೆ ಪಾಟಾ ಕೂತುಹೋಗಿ ಶಾಫ್ಟಿನ ಬಾಗು ಕೆಟ್ಟಿತ್ತು. ಬೇರಿಂಗ್ ಹಿಡಿಯೋ ಬ್ರಾಕೆಟ್ಟಿನ ಬೋಲ್ಟ್ ಸಡಿಲ ಇತ್ತು. ರೋಗ ಒಂದು ಕಡೆ, ನಾನು ಕತ್ತರಿಸಿ ಒಗೆದದ್ದು ಇನ್ನೊಂದು ಕಡೆ.

ಅಕ್ಕನ ಮಗ ಆಗ ಮೂರನೇ ಕ್ಲಾಸು. ಅವ್ವನ ಕೈಗೆ ಏನಾಯಿತು ಅಂತ ಕೇಳ್ತಿದ್ದ. ಶಾಫ್ಟ್ ಬಿತ್ತು ಅಂದೆ. ಶಾಫ್ಟ್ ಅಂದ್ರೆ ಏನು ಅಂತ ಕೇಳಿದ. ಕೇಳ್ತಾ ಕೇಳ್ತಾ ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ. ಈಗ ಬೆಂಗಳೂರಿನಲ್ಲಿ ಜೋರಿನ ಕಾರುಗಳನ್ನು ಇನ್ನೂ ಜೋರು ಮಾಡೋ ವರ್ಕ್‌ಶಾಪಲ್ಲಿ ಇದ್ದಾನೆ. ತಮ್ಮ ನೋಡಿದ ವಿಡಿಯೊ ಅಲ್ಲಿಯದು.

ಆ ಕಾರು ಫೋರ್ಡ್ ಮಸ್ಟಾಂಗ್. 2016ರಲ್ಲಿ ಭಾರತಕ್ಕೆ ಬಂದಾಗ ಬೆಲೆ 65 ಲಕ್ಷ. ಅದರಲ್ಲಿ ಕಂಪನಿಯಿಂದಲೇ ಎರಡು ತುಂಡಿನ ಉಕ್ಕಿನ ಶಾಫ್ಟ್ ಬರುತ್ತದೆ, ನಮ್ಮ ಟೆಂಪೊಗೆ ಬಂದಂಗೆ. ತೂಕ ಸುಮಾರು 18 ಕೆಜಿ. ಅದನ್ನ ತೆಗೆದು ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟ್ ಹಾಕಿದರೆ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಂಜಿನ್ನಿನ ಶಕ್ತಿಯೇನೂ ಹೆಚ್ಚಾಗಲ್ಲ. ಆದರೆ ತಿರುಗಿಸಬೇಕಾದ ಭಾರ ಕಡಿಮೆ, ನಡುವೆ ರಬ್ಬರಿನ ಸಡಿಲ ಇಲ್ಲ. ಹಾಗಾಗಿ ಎಕ್ಸಲೇಟರ್ ಒತ್ತಿದ ಕೂಡಲೇ ಗಾಲಿಗೆ ಮುಟ್ಟುತ್ತದೆ. ಜೊತೆಗೆ ಸ್ವಲ್ಪ ಸದ್ದು, ಸ್ವಲ್ಪ ನಡುಕವೂ ಒಳಗೆ ಬರುತ್ತದೆ, ಯಾಕಂದ್ರೆ ಅದನ್ನ ನುಂಗ್ತಿದ್ದ ರಬ್ಬರು ಹೋಯಿತಲ್ಲ. ಓಟದ ಕಾರಿನವರು ಅದಕ್ಕೆ ತಲೆ ಕೆಡಿಸಿಕೊಳ್ಳಲ್ಲ. ನಿಸಾನ್ ಕಂಪನಿ ತನ್ನ 350ಝಡ್ ಕಾರಿಗೆ ಕಾರ್ಬನ್ ಫೈಬರಿನ ಒಂದೇ ತುಂಡಿನ ಶಾಫ್ಟನ್ನೇ ಕೊಟ್ಟಿತ್ತು.

"ಹಂಗಾದ್ರ ಅಲ್ಲಿ ನಡೆದದ್ದು ನನ್ನ ಗಾಡಿಗೆ ಯಾಕ ನಡೀಲಿಲ್ಲೋ?" ಅಂತ ಅಳಿಯನನ್ನು ಕೇಳಿದೆ. ಅವನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ.

ಪೈಪಿಗೆ ಹೊಟ್ಟೆ ಬರೋ ವೇಗವನ್ನು ತೀರ್ಮಾನಿಸೋದು ಮುಖ್ಯವಾಗಿ ಉದ್ದ. ಉದ್ದ ಎರಡು ಪಟ್ಟಾದರೆ ಆ ವೇಗ ಅರ್ಧ ಆಗೋದಲ್ಲ, ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಎರಡನೇದು ಪೈಪಿನ ದಪ್ಪ. ಸುತ್ತಳತೆ ದೊಡ್ಡದಾದಷ್ಟೂ ಮಿತಿ ಮೇಲೆ ಹೋಗುತ್ತದೆ. ನನ್ನ ಪೈಪು 2.1 ಮೀಟರ್ ಉದ್ದ, 63 ಮಿಲಿಮೀಟರ್ ದಪ್ಪ. ಅವನ ಲೆಕ್ಕಕ್ಕೆ ಹೊಟ್ಟೆ ಬರೋದು ನಿಮಿಷಕ್ಕೆ ಸುಮಾರು 2300 ಸುತ್ತಿಗೆ. ನನ್ನ ಗಾಲಿ, ನನ್ನ ಕ್ರೌನಿನ ಹಲ್ಲಿನ ಪ್ರಕಾರ ಗಂಟೆಗೆ 65 ಕಿಲೋಮೀಟರ್ ಹೋದರೆ ಶಾಫ್ಟ್ ತಿರುಗೋದು ಸರಿಯಾಗಿ ಅಷ್ಟೇ! ಅದೇ ಪೈಪು ಎರಡು ತುಂಡಾಗಿದ್ದಾಗ ಒಂದೊಂದರ ಮಿತಿ 9000ದ ಮೇಲೆ. ಗಾಡಿಯ ಇಂಜಿನ್ನು ಸತ್ತು ಬಿದ್ದರೂ ಅಲ್ಲಿಗೆ ಮುಟ್ಟೋದಿಲ್ಲ.

ಮಸ್ಟಾಂಗಿನ ಶಾಫ್ಟು ಒಂದೂವರೆ ಮೀಟರಿನ ಒಳಗೇ ಮುಗಿಯುತ್ತದೆ. ಹಾಕೋ ಅಲ್ಯೂಮಿನಿಯಂ ಪೈಪು 90 ಮಿಲಿಮೀಟರ್ ಆಸುಪಾಸಿನ ದಪ್ಪದ್ದು. ಅದರ ಮಿತಿ 7000 ದಾಟುತ್ತದೆ. ಇನ್ನೊಂದು ಮಾತು ಅಳಿಯ ಒತ್ತಿ ಹೇಳಿದ: "ಮಾವ, ಅಲ್ಯೂಮಿನಿಯಂ ಅಂತ ಮಿತಿ ಏರೋದಿಲ್ಲ. ಗಡಸುತನಕ್ಕೂ ತೂಕಕ್ಕೂ ಲೆಕ್ಕ ಹಾಕಿದ್ರ ಉಕ್ಕೂ ಅದೂ ಹತ್ರ ಹತ್ರ. ಹಗುರ ಇರೋದಕ್ಕ ದಪ್ಪ ಪೈಪ್ ಹಾಕಾಕ ಬರ್ತೈತಿ, ಅದರಿಂದ ಮಿತಿ ಏರ್ತೈತಿ. ಕಾರ್ಬನ್ ಫೈಬರ್ ಅಂದ್ರ ಅದರ ಕತಿನೇ ಬ್ಯಾರೆ, ಹಗುರಾನೂ ಹೌದು, ಗಡುಸೂ ಹೌದು." ಹಾಕೋಕೆ ಮುಂಚೆ ಶಾಫ್ಟನ್ನು ಯಂತ್ರದ ಮೇಲೆ ತಿರುಗಿಸಿ, ಗ್ರಾಂ ಲೆಕ್ಕದಲ್ಲಿ ಸಣ್ಣ ತುಂಡು ಅಂಟಿಸಿ ಬ್ಯಾಲೆನ್ಸ್ ಮಾಡ್ತಾರೆ. ಕೆಳಗೆ ಮುಂದಿನ ಕ್ರಾಸಿನ ಹಿಂದೆ ಒಂದು ಉಕ್ಕಿನ ಬಳೆ ಕಟ್ತಾರೆ. ಕ್ರಾಸ್ ಮುರಿದರೂ ಪೈಪು ರಸ್ತೆಗೆ ಬೀಳದಂಗೆ ಹಿಡಿದುಕೊಳ್ಳೋಕೆ.

ಆ ಬಳೆ ನೋಡಿ ನನಗೆ ಮಾತು ಹೊರಡಲಿಲ್ಲ. ಒಂದು ಪಟ್ಟಿ ಕಬ್ಬಿಣ, ನಾಲ್ಕು ಬೋಲ್ಟು. ನನ್ನ ಗಾಡಿಗೆ ಅದೊಂದು ಇದ್ದಿದ್ದರೆ ಅಕ್ಕನ ಕೈ ಉಳೀತಿತ್ತು.

ಆ ಕಾರಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರ ದುಡ್ಡು, ಅವರ ಹುಚ್ಚು. ನನ್ನ ಅಳಿಯನ ಅನ್ನವೂ ಅದೇ. ಆ ವರ್ಕ್‌ಶಾಪಿನಲ್ಲಿರೋ ಲೆಕ್ಕ ನಮ್ಮ ರಸ್ತೆಗೂ ಬರಬೇಕು ಅನ್ನೋದು ನನ್ನ ಆಸೆ. ಅಲ್ಲಿ ಗ್ರಾಮಿಗೆ ಲೆಕ್ಕ ಇದೆ, ಇಲ್ಲಿ ಇಪ್ಪತ್ತೆರಡು ಜನರಿಗೆ ಲೆಕ್ಕ ಇಲ್ಲ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ನಮ್ಮ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರ ಕ್ರೂಸರ್ ಲಾರಿಗೆ ಬಡಿದು 9 ಜನ ಸತ್ತರು. ಮಕ್ಕಳೂ ಇದ್ದರು. ಅದು ಶಾಫ್ಟಿನ ಕತೆ ಅಲ್ಲ, ನನಗೆ ಗೊತ್ತು. ಆದರೆ ಹತ್ತು ಹನ್ನೆರಡು ಜನರ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಕೂತಿದ್ದರು. ಆ ಸುದ್ದಿ ಬಂದ ದಿನ ನಾವೆಲ್ಲ ಪರಿಹಾರ ಕೇಳಿ ಮನವಿ ಕೊಟ್ಟೆವು. ಗಾಡಿಗಳ ಕೆಳಗೆ ಬಗ್ಗಿ ನೋಡೋ ಕೆಲಸ ನಾವೂ ಮಾಡಲಿಲ್ಲ.

ಹಾಗಾಗಿ ತಮ್ಮಾ, ನಿನಗೂ ನಿನ್ನಂಥ ಎಲ್ಲರಿಗೂ ಹೇಳೋದು ಇಷ್ಟು.

1. ಎರಡು ತುಂಡಿನ ಶಾಫ್ಟನ್ನು ಲೇತಿನಲ್ಲಿ ಒಂದು ಮಾಡಿಸಬ್ಯಾಡ. ಉದ್ದ, ದಪ್ಪ, ವೇಗ ಈ ಮೂರರ ಲೆಕ್ಕ ಇಲ್ಲದೆ ಮಾಡಿದ್ದು ಶಾಫ್ಟ್ ಅಲ್ಲ, ಹಗ್ಗ. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಗಾಡಿಯ ಮೂಲ ರಚನೆ ಬದಲಿಸೋದಕ್ಕೆ ಕಡಿವಾಣ ಹಾಕುತ್ತದೆ. ಏನಾದರೂ ಆದರೆ ವಿಮೆಯವರು ಮೊದಲು ನೋಡೋದೂ ಇಂಥದ್ದನ್ನೇ.

2. ಸೆಂಟರ್ ಬೇರಿಂಗ್ ಪದೇ ಪದೇ ಹೋಗ್ತಿದ್ದರೆ ಬೇರಿಂಗನ್ನ ಬಯ್ಯಬ್ಯಾಡ. ಪಾಟಾ ಕೂತಿದೆಯಾ, ಬ್ರಾಕೆಟ್ ಸಡಿಲ ಇದೆಯಾ, ರಬ್ಬರ್ ಬಿರುಕು ಬಿಟ್ಟಿದೆಯಾ, ಪೈಪ್ ಬಾಗಿದೆಯಾ ನೋಡು. ಲೋಡ್ ಕಡಿಮೆ ಮಾಡು.

3. ವಾರಕ್ಕೊಮ್ಮೆ ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ಬಂದ್ ಮಾಡಿ ಕೆಳಗೆ ಹೋಗು. ಶಾಫ್ಟನ್ನು ಎರಡೂ ಕೈಲಿ ಹಿಡಿದು ತಿರುಚಿ ನೋಡು. ಕ್ರಾಸಿನಲ್ಲಿ ಆಟ ಇದ್ದರೆ ಕೈಗೆ ಗೊತ್ತಾಗುತ್ತದೆ. ಕ್ಲಚ್ ಬಿಟ್ಟಾಗ ಕೆಳಗೆ ಟಕ್ ಅಂದರೆ ಅದೂ ಕ್ರಾಸಿನ ಸುದ್ದಿಯೇ. ಕ್ರಾಸಿನ ಸುತ್ತ ಕೆಂಪು ಪುಡಿ ಕಂಡರೆ ಗ್ರೀಸ್ ಒಣಗಿ ತುಕ್ಕು ತಿಂತಿದೆ ಅಂತ ಅರ್ಥ.

4. ಶಾಫ್ಟ್ ಬಿಚ್ಚೋಕೆ ಮುಂಚೆ ಗುರುತು ಹಾಕು. ಪೈಪಿನ ಮೇಲೆ ಅಂಟಿಸಿದ ಸಣ್ಣ ಕಬ್ಬಿಣದ ತುಂಡು ಕಸ ಅಲ್ಲ, ಬ್ಯಾಲೆನ್ಸ್. ಅದನ್ನ ಕೀಳಬ್ಯಾಡ.

5. ಮುಂದಿನ ಕ್ರಾಸಿನ ಹಿಂದೆ ಶಾಫ್ಟಿನ ಸುತ್ತ ಚಾಸಿಗೆ ಒಂದು ಗಟ್ಟಿ ಬಳೆ ಕಟ್ಟಿಸು. ಗಾಡಿ ಕುಣಿದಾಗ ಪೈಪಿಗೆ ತಾಗದಷ್ಟು ಜಾಗ ಬಿಟ್ಟಿರಬೇಕು.

6. ಒಂದು ವೇಗಕ್ಕೆ ಮಾತ್ರ ಬರೋ ನಡುಕ ಇದ್ದರೆ "ಆಮೇಲೆ ನೋಡಿದ್ರಾತು" ಅನ್ನಬ್ಯಾಡ. ನಾನು ಅಂದಿದ್ದೆ.

ಸಂಘಟನೆಯ ಗೆಳೆಯರಿಗೆ ಒಂದು ಮಾತು. ಕೂಲಿಯವರಿಗೆ ನಸುಕಿನಲ್ಲಿ ಬಸ್ ಬೇಕು ಅನ್ನೋ ಬೇಡಿಕೆಯನ್ನು ನಾಟಿ ಹಂಗಾಮು ಶುರು ಆಗೋಕೆ ಮುಂಚೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಒಟ್ಟಿಗೆ ಇಡೋಣ. ಬಸ್ ಬರೋ ತನಕ ಹೆಣ್ಮಕ್ಕಳು ಟೆಂಪೊ ಹತ್ತೋದು ನಿಲ್ಲೋದಿಲ್ಲ. ಅದಕ್ಕೇ ಕಾಲುವೆಗೆ ನೀರು ಬಿಡೋಕೆ ಮುಂಚೆ ಒಂದು ಐತವಾರ ಮಸ್ಕಿಯಲ್ಲಿ ಕೂಡೋಣ. ಗಾಡಿ ತನ್ನಿ. ಅಳಿಯ ಬರ್ತೀನಿ ಅಂದಿದ್ದಾನೆ. ನಾನೂ ಪಾನಾ ಹಿಡಿದು ಬಹಳ ದಿನ ಆಯಿತು. ಒಂದೊಂದು ಗಾಡಿಯ ಕೆಳಗೂ ಹೋಗಿ ನೋಡ್ತೀವಿ. ಬಳೆ ಕಟ್ಟೋಕೆ ಕಬ್ಬಿಣದ ಖರ್ಚು ಹಂಚಿಕೊಳ್ಳೋಣ. ಮಸ್ಕಿ ಅಂದ್ರೆ 1915ರಲ್ಲಿ ಒಬ್ಬ ಗಣಿ ಇಂಜಿನಿಯರ್ ಬಂಡೆಯ ಮೇಲೆ ಅಶೋಕನ ಹೆಸರು ಕಂಡ ಊರು. ಅಂಬೇಡ್ಕರ್ ಜಯಂತಿಗೆ ನಾವು ಆ ಬಂಡೆಯ ಮುಂದೆ ಫೋಟೊ ತೆಗೆಸಿಕೊಳ್ತೀವಿ. ಈ ಸಲ ಗ್ರೀಸ್ ಹತ್ತಿದ ಕೈಲಿ ಒಂದು ಫೋಟೊ ಇರಲಿ.

ಕೊನೆಗೆ ಅಕ್ಕನ ಮಾತು. ಮಗನ ವಿಡಿಯೊ ತೋರಿಸಿದೆ. ಎಡಗೈಲಿ ಫೋನ್ ಹಿಡಕೊಂಡು ಎರಡು ಸಲ ನೋಡಿದಳು. ಶಾಫ್ಟು, ಅದರ ಹೊಳಪು, ಕೆಳಗಿನ ಬಳೆ ಎಲ್ಲಾ ವಿವರಿಸಿದೆ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು.

"ಈ ಕಾರಿನ್ಯಾಗ ಹಿಂದ ಎಷ್ಟು ಮಂದಿ ಕುಂದರ್ತಾರ?"

"ಇಬ್ರು ಯಕ್ಕಾ. ಅದೂ ಸಣ್ಣ ಹುಡುಗ್ರು ಆದ್ರ ಚಲೋ."

"ಇಬ್ರಿಗೆ ಇಷ್ಟು ಕಾಳಜಿ ಮಾಡ್ಯಾನ ನನ್ನ ಮಗ" ಅಂದಳು. ಸಿಟ್ಟಿನಿಂದ ಅಲ್ಲ, ಹೆಮ್ಮೆಯಿಂದಲೇ ಅಂದಳು. ಸ್ವಲ್ಪ ಹೊತ್ತಾದ ಮೇಲೆ ತನ್ನಷ್ಟಕ್ಕೆ ತಾನು ಅನ್ನೋ ಹಂಗ ಸೇರಿಸಿದಳು: "ಊರಿಗೆ ಬಂದಾಗ ನಮ್ಮ ಟೆಂಪೊನೂ ನೋಡಂತ ಹೇಳು."

ಹೇಳಿದ್ದೇನೆ. ಬರ್ತಾನೆ.

ಗಾಡಿ ಓಡಿಸೋ ನಮ್ಮ ಹುಡುಗರಿಗೆ ಇದನ್ನ ಮುಟ್ಟಿಸಿ. ಓದೋಕೆ ಬರದವರಿಗೆ ಓದಿ ಹೇಳಿ.

ಜೈ ಭೀಮ್.